ಹೈಸ್ಕೂಲ್ ತರಗತಿಗೆ ನಿಜವಾಗಿ ಬೇಕಾದ ಸಾಮಾನು ಯಾವುದು? ಮೊದಲು ಏನು ತಗೊಳ್ಳಬೇಕು?

ಹೊಸ ಟೀಚರ್
ಎಲ್ಲರಿಗೂ ನಮಸ್ಕಾರ. ಸದ್ಯದಲ್ಲೇ ಹೈಸ್ಕೂಲ್‌ನಲ್ಲಿ ವಿಜ್ಞಾನ ಪಾಠ ಶುರು ಮಾಡುತ್ತಿದ್ದೇನೆ. ತರಗತಿಗೆ ಏನೇನು ಬೇಕು ಅಂತ ಹುಡುಕಿದರೆ ಸಿಗುವುದೆಲ್ಲ ಚಿಕ್ಕ ಮಕ್ಕಳ ತರಗತಿಯ ಪಟ್ಟಿಗಳೇ. ಬಣ್ಣದ ಕಾಗದ, ಸ್ಟಿಕರ್, ಗೋಡೆಗೆ ಅಂಟಿಸುವ ಚಿತ್ರಗಳು. 14–16 ವರ್ಷದವರಿಗೆ ಅದೆಲ್ಲ ಬೇಕಾ? ನನಗೆ ಅಂತ ಒಂದು ಕೊಠಡಿಯೂ ಇಲ್ಲ. ಪೀರಿಯಡ್ ಮುಗಿದ ಕೂಡಲೇ ಇನ್ನೊಂದು ತರಗತಿಗೆ ಓಡಬೇಕು. ಬೀರು ಇಲ್ಲ, ಮೇಜಿನ ಡ್ರಾಯರ್ ಇಲ್ಲ. ಕೈಯಲ್ಲಿ ಹಿಡಿಸಿದಷ್ಟೇ ನನ್ನ ಸಾಮಾನು. ಎಲ್ಲವನ್ನೂ ಒಟ್ಟಿಗೆ ತಗೊಳ್ಳುವುದೂ ಆಗುವುದಿಲ್ಲ. ಅನುಭವ ಇರುವವರು ಮೊದಲು ಏನು, ಆಮೇಲೆ ಏನು ಅಂತ ಹೇಳಿದರೆ ತುಂಬಾ ಉಪಕಾರ.

ಗಣಿತ ಮೇಷ್ಟ್ರು
ಮೇಡಂ, ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡುತ್ತೇನೆ. ಗೋಡೆಗೆ ಹೋಗುವ ಸಾಮಾನಿಗಿಂತ ಮೊದಲು ಮಕ್ಕಳ ಕೈಗೆ ಹೋಗುವ ಸಾಮಾನು ತಗೊಳ್ಳಿ. ಅದರಲ್ಲೂ ಮೊದಲನೆಯದು ಕೈಯಲ್ಲಿ ಹಿಡಿಯುವ ಚಿಕ್ಕ ಬಿಳಿ ಹಲಗೆ. ಹಲಗೆಯನ್ನೇ ಕೊಳ್ಳಬೇಕಾಗಿಲ್ಲ. ಫೈಲ್‌ಗೆ ಹಾಕುವ ಪಾರದರ್ಶಕ ಪ್ಲಾಸ್ಟಿಕ್ ಕವರ್ ಬರುತ್ತಲ್ಲ, ಅದರೊಳಗೆ ಒಂದು ಬಿಳಿ ಎ4 ಹಾಳೆ, ಹಿಂದೆ ಒಂದು ರಟ್ಟು. ವೈಟ್‌ಬೋರ್ಡ್ ಮಾರ್ಕರ್‌ನಲ್ಲಿ ಬರೆದು ಬಟ್ಟೆಯಲ್ಲಿ ಒರೆಸಿದರೆ ಆಯಿತು. ಒಳಗೆ ಗ್ರಾಫ್ ಹಾಳೆ ಹಾಕಿದರೆ ಗ್ರಾಫ್ ಬೋರ್ಡ್, ಬಾಹ್ಯರೇಖಾ ನಕ್ಷೆ ಹಾಕಿದರೆ ಭೂಗೋಳದವರಿಗೂ ಆಗುತ್ತದೆ.

ಇದಕ್ಕೆ ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, "ಅರ್ಥ ಆಯ್ತಾ?" ಅಂತ ಕೇಳಿದರೆ ಹೈಸ್ಕೂಲ್ ಮಕ್ಕಳು ಹೂಂ ಅಂತಾರೆ. ಕೈ ಎತ್ತಿ ಅಂದರೆ ಅದೇ ನಾಲ್ಕು ಜನ ಎತ್ತುತ್ತಾರೆ. ಆದರೆ ಬೋರ್ಡಿನ ಮೇಲೆ x² = 9 ಅಂತ ಬರೆದು, ಎಲ್ಲರೂ ಉತ್ತರ ಬರೆದು ಒಟ್ಟಿಗೆ ಎತ್ತಿ ಹಿಡಿಯಿರಿ ಅಂದರೆ, ತರಗತಿಯ ಅಷ್ಟೂ ತಲೆಯೊಳಗೆ ಏನಿದೆ ಅನ್ನುವುದು ಆ ಕ್ಷಣಕ್ಕೇ ಕಾಣುತ್ತದೆ. ಯಾರು ಬರೀ 3 ಬರೆದು ಬಿಟ್ಟಿದ್ದಾರೆ, ಯಾರು −3 ಕೂಡ ಬರೆದಿದ್ದಾರೆ, ಯಾರು 9ರ ಅರ್ಧ ಮಾಡಿ 4.5 ಬರೆದಿದ್ದಾರೆ, ಯಾರು ಪಕ್ಕದವರದ್ದು ನೋಡಿ ಅಳಿಸಿ ಬರೆಯುತ್ತಿದ್ದಾರೆ. ಮುಂದೆ ಹೋಗಬೇಕೋ ಅಲ್ಲೇ ನಿಲ್ಲಬೇಕೋ ಅನ್ನುವುದಕ್ಕೆ ಪರೀಕ್ಷೆ ಪತ್ರಿಕೆ ತಿದ್ದುವವರೆಗೂ ಕಾಯಬೇಕಾಗಿಲ್ಲ. ತಪ್ಪು ಬರೆದರೂ ಒರೆಸಿದರೆ ಹೋಯ್ತು ಅನ್ನುವ ಧೈರ್ಯ ಮಕ್ಕಳಿಗೆ ಇರುತ್ತದೆ. ನೋಟ್‌ಬುಕ್‌ನಲ್ಲಿ ಆ ಧೈರ್ಯ ಬರುವುದಿಲ್ಲ.

ಇನ್ನೊಂದು ಲಾಭ, ಯೋಚಿಸಲು ಸಮಯ ಸಿಗುತ್ತದೆ. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ಅವರು 1970ರ ದಶಕದಲ್ಲಿ ತರಗತಿಗಳನ್ನು ಗಮನಿಸಿದಾಗ, ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸರಾಸರಿ ಒಂದು ಸೆಕೆಂಡ್ ಆಸುಪಾಸು ಮಾತ್ರ ಕಾಯುತ್ತಿದ್ದರು. ಅದನ್ನು 3 ಸೆಕೆಂಡಿಗೆ ಹೆಚ್ಚಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು, ಸುಮ್ಮನಿರುತ್ತಿದ್ದವರೂ ಬಾಯಿಬಿಟ್ಟರು. ಕೈಯಲ್ಲಿ ಬೋರ್ಡ್ ಇದ್ದರೆ ನಾವು ಬೇಡ ಅಂದರೂ ಅಷ್ಟು ಹೊತ್ತು ಕಾಯಲೇಬೇಕು.

ಭಾಷಾ ಶಿಕ್ಷಕಿ
ಮೇಷ್ಟ್ರು ಹೇಳಿದ್ದು ಸರಿ. ಅದರ ಜೊತೆಗೆ ಒಂದು ಪೆನ್ ಡಬ್ಬ ಸೇರಿಸಿ. ನಮಗಲ್ಲ, ಮಕ್ಕಳಿಗೆ.

ಚಿಕ್ಕ ತರಗತಿಯ ಮಗು "ಮಿಸ್, ನನ್ನ ಪೆನ್ಸಿಲ್ ಕಳೆದುಹೋಯ್ತು" ಅಂತ ಜೋರಾಗಿ ಹೇಳುತ್ತದೆ. 15 ವರ್ಷದ ಹುಡುಗ ಹೇಳುವುದಿಲ್ಲ. ಪೆನ್ ಇಲ್ಲದಿದ್ದರೆ ಪುಸ್ತಕ ತೆರೆದು ಸುಮ್ನೆ ಕೂತಿರುತ್ತಾನೆ, ಅಥವಾ ಕಿತಾಪತಿ ಶುರು ಮಾಡುತ್ತಾನೆ. ನಾವು ಅದನ್ನು ಸೋಮಾರಿತನ ಅಂತಲೋ ಕೊಬ್ಬು ಅಂತಲೋ ತಿಳಿಯುತ್ತೇವೆ. ಎಷ್ಟೋ ಸಲ ಅಲ್ಲಿ ಇರುವುದು ಬರೀ ಒಂದು ಪೆನ್ನಿನ ಕೊರತೆ. ಅದಕ್ಕೇ ಡಬ್ಬವನ್ನು ಬಾಗಿಲ ಹತ್ತಿರದ ಬೆಂಚಿನ ಮೇಲೆ ಇಡುತ್ತೇನೆ. ಬೇಕಾದವರು ಕೇಳದೆ ತಗೊಳ್ಳುತ್ತಾರೆ, ಹೋಗುವಾಗ ವಾಪಸ್ ಹಾಕಿ ಹೋಗುತ್ತಾರೆ. ನಾಲ್ಕೈದು ಪೆನ್, ಅಷ್ಟೇ ಪೆನ್ಸಿಲ್, ಒಂದು ಮೆಂಡರ್, ಎರಡು ರಬ್ಬರ್, ಒಂದೆರಡು ಸ್ಕೇಲು. ಜೊತೆಗೆ ಒಂದು ಬದಿ ಖಾಲಿ ಇರುವ ಹಾಳೆಗಳ ಕಟ್ಟು.

ಹಿರಿಯ ಶಿಕ್ಷಕರು
ಮೇಡಂ, ತಪ್ಪು ತಿಳಿಯಬೇಡಿ. ಹೈಸ್ಕೂಲಿಗೆ ಬಂದವರಿಗೂ ಪೆನ್ ನಾವೇ ಕೊಟ್ಟರೆ ಜವಾಬ್ದಾರಿ ಕಲಿಯುವುದು ಯಾವಾಗ? ಪರೀಕ್ಷಾ ಕೊಠಡಿಯಲ್ಲಿ ಡಬ್ಬ ಇಟ್ಟಿರುತ್ತಾರಾ?

ಭಾಷಾ ಶಿಕ್ಷಕಿ
ಸರ್, ನಿಮ್ಮ ಮಾತು ಒಪ್ಪುತ್ತೇನೆ, ಜವಾಬ್ದಾರಿ ಕಲಿಸಬೇಕು. ಆದರೆ ನನ್ನ ಪೀರಿಯಡ್ ಇರುವುದು ಮುಕ್ಕಾಲು ಗಂಟೆ. ಅದರಲ್ಲಿ ಐದು ನಿಮಿಷ ಪೆನ್ ಯಾಕೆ ತಂದಿಲ್ಲ ಅಂತ ವಿಚಾರಣೆ ಮಾಡಿದರೆ, ಪೆನ್ ತಂದಿರುವ ಉಳಿದವರ ಐದು ನಿಮಿಷವೂ ಹೋಯ್ತು ಅಲ್ವಾ? ಮೊದಲು ಬರೆಯಲಿ. ಪದೇ ಪದೇ ತಗೊಳ್ಳುವವರ ಜೊತೆ ತರಗತಿ ಮುಗಿದ ಮೇಲೆ ಒಬ್ಬರನ್ನೇ ಕರೆದು ಮಾತಾಡುತ್ತೇನೆ. ಹಾಗೆ ಮಾತಾಡಿದಾಗಲೇ ಮನೆಯ ಕಷ್ಟ ಗೊತ್ತಾಗುವುದು. ಎಲ್ಲರೆದುರು ಕೇಳಿದ್ದರೆ ಯಾವತ್ತೂ ಗೊತ್ತಾಗುತ್ತಿರಲಿಲ್ಲ.

ಹಿರಿಯ ಶಿಕ್ಷಕರು
ಒಬ್ಬರನ್ನೇ ಕರೆದು ಮಾತಾಡುವುದು ಸರಿ ಅನ್ನಿಸಿತು. ಪರೀಕ್ಷೆ ಹತ್ತಿರ ಬಂದಾಗ ಡಬ್ಬ ತೆಗೆದುಬಿಡಿ, ಅಷ್ಟು ಮಾತ್ರ ನನ್ನ ಸಲಹೆ.

ಈಗ ಬೋರ್ಡಿನ ವಿಷಯಕ್ಕೆ ಬರುತ್ತೇನೆ, ಯಾಕಂದರೆ ಅದನ್ನು ಯಾರೂ ಸಾಮಾನು ಅಂತ ಲೆಕ್ಕಕ್ಕೇ ತಗೊಳ್ಳುವುದಿಲ್ಲ. ಇರುವುದು ಕಪ್ಪು ಹಲಗೆಯಾದರೆ ಒಳ್ಳೆಯ ಚಾಕ್‌ಪೀಸ್ ನಿಮ್ಮ ಕೈಲೇ ಇರಲಿ. ಚಾಕ್‌ಪೀಸ್ ಎರಡು ಬಗೆ. ಒಂದು ಜಿಪ್ಸಂ, ಅಂದರೆ ಕ್ಯಾಲ್ಸಿಯಂ ಸಲ್ಫೇಟಿನದು. ಇನ್ನೊಂದು ಕ್ಯಾಲ್ಸಿಯಂ ಕಾರ್ಬೊನೇಟಿನದು. ಧೂಳಿಲ್ಲದ್ದು ಅಂತ ಮಾರುವುದರಲ್ಲೂ ಧೂಳು ಇದ್ದೇ ಇರುತ್ತದೆ. ಕಣ ಸ್ವಲ್ಪ ಭಾರ ಇರುವುದರಿಂದ ಗಾಳಿಯಲ್ಲಿ ತೇಲದೆ ಬೇಗ ಕೆಳಗೆ ಬೀಳುತ್ತದೆ, ಅಷ್ಟೇ. ಅಂಥ ಕೆಲವು ಚಾಕ್‌ಗಳಲ್ಲಿ ಹಾಲಿನ ಪ್ರೋಟೀನ್ ಆದ ಕೇಸಿನ್ ಸೇರಿಸಿರುತ್ತಾರೆ. ಹಾಲಿನ ಅಲರ್ಜಿ ಜಾಸ್ತಿ ಇರುವ ಮಗು ತರಗತಿಯಲ್ಲಿದ್ದರೆ ಪೆಟ್ಟಿಗೆಯ ಮೇಲೆ ಬರೆದಿರುವುದನ್ನು ಓದಿ ನೋಡಿ. ಉಬ್ಬಸ ಇರುವ ಮಕ್ಕಳನ್ನು ಬೋರ್ಡಿಗೆ ಅಂಟಿಕೊಂಡ ಮೊದಲ ಸಾಲಿನಲ್ಲಿ ಕೂರಿಸಬೇಡಿ. ಡಸ್ಟರ್ ಅನ್ನು ಗೋಡೆಗೆ ಬಡಿದು ಕೊಡವುವುದು ಬೇಡ. ದಿನದ ಕೊನೆಗೆ ಒದ್ದೆ ಬಟ್ಟೆಯಲ್ಲಿ ಒಮ್ಮೆ ಒರೆಸಿದರೆ ಮರುದಿನ ಅಕ್ಷರ ಎದ್ದು ಕಾಣುತ್ತದೆ. ಪೂರ್ತಿ ಒಣಗಿದ ಮೇಲೇ ಬರೆಯಿರಿ.

ಬಿಳಿ ಬೋರ್ಡಾದರೆ ಮಾರ್ಕರ್‌ಗಳನ್ನು ಮಲಗಿಸಿ ಇಡಿ. ತುದಿ ಮೇಲಾಗಿ ನಿಲ್ಲಿಸಿಟ್ಟರೆ ಶಾಯಿ ಕೆಳಗಿಳಿದು ಅರ್ಧದಲ್ಲೇ ಬರೆಯುವುದು ನಿಲ್ಲುತ್ತದೆ. ಯಾರೋ ಪರ್ಮನೆಂಟ್ ಮಾರ್ಕರ್‌ನಲ್ಲಿ ಬರೆದು ಹೋಗಿದ್ದರೆ ಗಾಬರಿ ಬೇಡ. ಅದರ ಮೇಲೆಯೇ ವೈಟ್‌ಬೋರ್ಡ್ ಮಾರ್ಕರ್‌ನಿಂದ ಗೀಚಿ, ಹಸಿ ಇರುವಾಗಲೇ ಒರೆಸಿ. ಅದರಲ್ಲಿರುವ ದ್ರಾವಕ ಹಳೆಯ ಶಾಯಿಯನ್ನೂ ಕರಗಿಸಿಕೊಂಡು ಬರುತ್ತದೆ.

ಚಿತ್ರಕಲಾ ಶಿಕ್ಷಕಿ
ಮಾರ್ಕರ್ ಬಣ್ಣದ ಬಗ್ಗೆ ಒಂದು ಮಾತು. ಕೆಂಪು ಮತ್ತು ಹಸಿರನ್ನು ಎದುರುಬದುರು ಬಳಸಿ "ಕೆಂಪಿನಲ್ಲಿ ಇರುವುದು ತಪ್ಪು, ಹಸಿರಿನಲ್ಲಿ ಇರುವುದು ಸರಿ" ಅಂತ ಹೇಳಬೇಡಿ. ಈ ಎರಡರ ವ್ಯತ್ಯಾಸ ಕಾಣದ ಮಕ್ಕಳು ಇರುತ್ತಾರೆ. ಅದಕ್ಕೆ ಕಾರಣವಾದ ಜೀನ್‌ಗಳು ಎಕ್ಸ್ ಕ್ರೋಮೋಸೋಮಿನಲ್ಲಿ ಇರುವುದರಿಂದ ಗಂಡುಮಕ್ಕಳಲ್ಲೇ ಜಾಸ್ತಿ. ಎಷ್ಟೋ ಮಕ್ಕಳಿಗೆ ತಮಗೆ ಹಾಗಿದೆ ಅಂತಲೇ ಗೊತ್ತಿರುವುದಿಲ್ಲ. ಕಪ್ಪು ಮತ್ತು ನೀಲಿ ಮುಖ್ಯ ಬರವಣಿಗೆಗೆ ಇರಲಿ. ಬೇರೆ ಮಾಡಿ ತೋರಿಸಬೇಕಾದರೆ ಬಣ್ಣದ ಜೊತೆ ಕೆಳಗೆರೆ ಎಳೆಯಿರಿ, ಇಲ್ಲವೇ ಚೌಕ ಹಾಕಿ. ಕಪ್ಪು ಹಲಗೆಯ ಮೇಲೆ ಬಿಳಿ, ಹಳದಿ ಚೆನ್ನಾಗಿ ಕಾಣುತ್ತವೆ. ಗಾಢ ನೀಲಿ, ನೇರಳೆ ಹಿಂದಿನ ಬೆಂಚಿಗೆ ಕಾಣುವುದೇ ಇಲ್ಲ. ಒಮ್ಮೆ ಬರೆದು ನೀವೇ ಕೊನೇ ಬೆಂಚಿಗೆ ಹೋಗಿ ನೋಡಿ ಬನ್ನಿ.

ಹೊಸ ಟೀಚರ್
ಇಷ್ಟೊಂದು ವಿವರ ಸಿಗುತ್ತದೆ ಅಂದುಕೊಂಡಿರಲಿಲ್ಲ. ವಿಜ್ಞಾನದವರು ಯಾರಾದರೂ ಇದ್ದೀರಾ? ಲ್ಯಾಬ್ ಅಂತ ಒಂದು ಕೊಠಡಿ ಇದೆ, ಆದರೆ ಏನಿದೆ ಏನಿಲ್ಲ ಅಂತ ಇನ್ನೂ ನೋಡಿಲ್ಲ. ಗೋಡೆಗೆ ಚಾರ್ಟ್ ತಗೊಳ್ಳಲೇಬೇಡವಾ?

ಲ್ಯಾಬ್ ಮೇಡಂ
ಚಾರ್ಟ್ ಬೇಕು. ಆದರೆ ಹೊಸದು ಕೊಳ್ಳುವ ಮೊದಲು ಹಳೆಯದನ್ನು ನೋಡಿ. ಆವರ್ತ ಕೋಷ್ಟಕದಲ್ಲಿ 113, 115, 117, 118ರ ಜಾಗದಲ್ಲಿ ಏನಿದೆ? ನಿಹೋನಿಯಂ, ಮೊಸ್ಕೋವಿಯಂ, ಟೆನ್ನೆಸಿನ್, ಒಗನೆಸಾನ್ ಅಂತ ಇರಬೇಕು. ಈ ಹೆಸರುಗಳು 2016ರಲ್ಲಿ ಅಧಿಕೃತವಾದವು. ಅಲ್ಲಿ ಮೂರಕ್ಷರದ ತಾತ್ಕಾಲಿಕ ಸಂಕೇತ ಇದ್ದರೆ ಚಾರ್ಟ್ ಅದಕ್ಕಿಂತ ಹಳೆಯದು. ಎಸೆಯಬೇಕಾಗಿಲ್ಲ, ಚಿಕ್ಕ ಚೀಟಿ ಅಂಟಿಸಿ ಹೆಸರು ಬರೆಯಿರಿ. ಮಕ್ಕಳ ಕೈಲೇ ಬರೆಸಿದರೆ ಅದೇ ಒಂದು ಪಾಠ. ಸೌರವ್ಯೂಹದ ಚಾರ್ಟಿನಲ್ಲಿ ಒಂಬತ್ತು ಗ್ರಹ ಇದ್ದರೆ ಅದು 2006ಕ್ಕಿಂತ ಹಿಂದಿನದು. ಪ್ಲೂಟೊ ಆ ವರ್ಷ ಕುಬ್ಜ ಗ್ರಹ ಆಯಿತು. ಕಿಲೋಗ್ರಾಂ ಅಂದರೆ ಪ್ಯಾರಿಸ್ ಹತ್ತಿರ ಇಟ್ಟಿರುವ ಲೋಹದ ತುಂಡಿನ ತೂಕ ಅಂತ ಇನ್ನೂ ಬರೆದಿದ್ದರೆ, 2019ರಿಂದ ಅದು ಪ್ಲಾಂಕ್ ಸ್ಥಿರಾಂಕ ಅನ್ನುವ, ಭೌತಶಾಸ್ತ್ರದ ಎಂದೂ ಬದಲಾಗದ ಒಂದು ಬೆಲೆಯ ಮೇಲೆ ನಿಂತಿದೆ ಅಂತ ತಿದ್ದಿ.

ಇನ್ನು ಲ್ಯಾಬ್. ಮೇಡಂ, ಇಲ್ಲಿ ಮಾತ್ರ ನಾನು ರಾಜಿ ಆಗುವುದಿಲ್ಲ. ರಾಸಾಯನಿಕ ಮುಟ್ಟುವ ಪ್ರತಿ ಮಗುವಿಗೂ ಕಣ್ಣಿನ ರಕ್ಷಣೆಯ ಗಾಗಲ್ ಬೇಕು. ಮಾಮೂಲಿ ಕನ್ನಡಕ ಅದರ ಕೆಲಸ ಮಾಡುವುದಿಲ್ಲ, ಪಕ್ಕದಿಂದ ಹನಿ ಸಿಡಿಯುತ್ತದೆ. ಎಲ್ಲರಿಗೂ ಸಾಕಾಗುವಷ್ಟು ಇಲ್ಲದಿದ್ದರೆ ಆ ಪ್ರಯೋಗವನ್ನು ನೀವೇ ಗಾಗಲ್ ಹಾಕಿಕೊಂಡು ಮಾಡಿ ತೋರಿಸಿ, ಮಕ್ಕಳು ದೂರದಿಂದ ನೋಡಲಿ. ಹತ್ತಿರದಲ್ಲಿ ಹರಿಯುವ ನೀರು ಇರಲೇಬೇಕು. ಕಣ್ಣಿಗೆ ಏನಾದರೂ ಬಿದ್ದರೆ ಕನಿಷ್ಠ 15 ನಿಮಿಷ ತೊಳೆಯುತ್ತಲೇ ಇರಬೇಕು, ಆಮೇಲೆ ವೈದ್ಯರು. ಒಂದು ಬಾಟಲಿ ನೀರಿನಲ್ಲಿ ಆ ಕೆಲಸ ಆಗುವುದಿಲ್ಲ.

ಒಡೆದ ಗಾಜಿಗೆ ಬೇರೆಯೇ ದಪ್ಪ ರಟ್ಟಿನ ಡಬ್ಬ, ಒಂದು ಪೊರಕೆ, ಒಂದು ಕಸದ ಮೊರ. ಕೈಯಲ್ಲಿ ಯಾರೂ ಹೆಕ್ಕಬಾರದು. ಪಾದರಸದ ಥರ್ಮಾಮೀಟರ್ ಉಳಿದಿದ್ದರೆ ಮಕ್ಕಳ ಕೈಗೆ ಕೊಡಬೇಡಿ, ಬಣ್ಣದ ಆಲ್ಕೋಹಾಲಿನದು ತರಿಸಿ. ಲೇಬಲ್ ಇಲ್ಲದ ಬಾಟಲಿಯನ್ನು ಮೂಸಿ ನೋಡಿ ಪತ್ತೆ ಮಾಡುವ ಸಾಹಸ ಬೇಡವೇ ಬೇಡ. ಅದನ್ನು ಪಕ್ಕಕ್ಕಿಟ್ಟು ಮುಖ್ಯ ಶಿಕ್ಷಕರಿಗೆ ಬರೆದು ತಿಳಿಸಿ. ಒಂದು ಪರ್ಮನೆಂಟ್ ಮಾರ್ಕರ್ ಮತ್ತು ಒಂದು ಕಟ್ಟು ಅಂಟು ಲೇಬಲ್ ನಿಮ್ಮ ಚೀಲದಲ್ಲಿ ಯಾವಾಗಲೂ ಇರಲಿ.

ಸಮಾಜ ವಿಜ್ಞಾನ ಸರ್
ಲ್ಯಾಬ್ ಮೇಡಂ ಹೇಳಿದ ಹಾಗೇ ಭೂಪಟವನ್ನೂ ಪರೀಕ್ಷೆ ಮಾಡಿ. ದಕ್ಷಿಣ ಸುಡಾನ್ ಇಲ್ಲದಿದ್ದರೆ ಅದು 2011ಕ್ಕಿಂತ ಹಿಂದಿನದು. ನನ್ನ ಮಟ್ಟಿಗೆ ಮೊದಲು ಬೇಕಾದದ್ದು ಒಂದು ಗ್ಲೋಬು. ಧ್ರುವದ ಕಡೆ ಹೋದಂತೆ ಜಾಗವನ್ನು ಹಿಗ್ಗಿಸಿ ತೋರಿಸುವ ಮರ್ಕೇಟರ್ ಭೂಪಟದಲ್ಲಿ ಗ್ರೀನ್‌ಲ್ಯಾಂಡ್ ನೋಡಿದರೆ ಆಫ್ರಿಕಾದಷ್ಟೇ ದೊಡ್ಡದು ಅನ್ನಿಸುತ್ತದೆ. ನಿಜವಾಗಿ ಆಫ್ರಿಕಾ ಅದರ ಸುಮಾರು 14 ಪಟ್ಟು ದೊಡ್ಡದು. ಗ್ಲೋಬನ್ನು ಮಕ್ಕಳ ಕೈಗೆ ಕೊಟ್ಟು ಎರಡನ್ನೂ ಹೋಲಿಸಲು ಬಿಟ್ಟರೆ ಬೇರೆ ವಿವರಣೆ ಬೇಕಾಗುವುದಿಲ್ಲ.

ಗಣಿತ ಮೇಷ್ಟ್ರು
ನೋಡಿ, ಇಲ್ಲೂ ಕೈಗೆ ಕೊಟ್ಟದ್ದೇ ಕೆಲಸ ಮಾಡಿದ್ದು.

ಗಣಿತದವರಿಗೆ ಬೋರ್ಡಿನ ದೊಡ್ಡ ಕೈವಾರ, ಕೋನಮಾಪಕ, ಉದ್ದ ಸ್ಕೇಲು ಬೇಕು. ಕೈವಾರ ಇಲ್ಲದಿದ್ದರೆ ದಾರಕ್ಕೆ ಚಾಕ್‌ಪೀಸ್ ಕಟ್ಟಿ ಎಳೆಯಬಹುದು. ವೃತ್ತದ ಮೇಲಿನ ಬಿಂದುಗಳೆಲ್ಲ ಕೇಂದ್ರದಿಂದ ಒಂದೇ ದೂರದಲ್ಲಿವೆ ಅನ್ನುವುದು ದಾರದಲ್ಲೇ ಹೆಚ್ಚು ಚೆನ್ನಾಗಿ ಕಾಣುತ್ತದೆ. ವಿಜ್ಞಾನದ ಮಕ್ಕಳು ಸೈಂಟಿಫಿಕ್ ಕ್ಯಾಲ್ಕುಲೇಟರ್ ಬಳಸುವವರಾದರೆ ಲೆಕ್ಕಕ್ಕೆ ಮೊದಲು ಎಲ್ಲರಿಂದ ಸೈನ್ 30 ಒತ್ತಿಸಿ. 0.5 ಬಂದರೆ ಸರಿ. −0.988 ಬಂದರೆ ಯಂತ್ರ ಕೋನವನ್ನು ಡಿಗ್ರಿಯ ಬದಲು ರೇಡಿಯನ್ ಅನ್ನುವ ಇನ್ನೊಂದು ಅಳತೆಯಲ್ಲಿ ತಗೊಳ್ಳುತ್ತಿದೆ.

ದೈಹಿಕ ಶಿಕ್ಷಣ ಶಿಕ್ಷಕಿ
ಇಲ್ಲಿಯವರೆಗೆ ಯಾರೂ ಹೇಳದ ವಿಷಯ ಒಂದಿದೆ. ಹೈಸ್ಕೂಲ್ ಹೆಣ್ಣುಮಕ್ಕಳಿಗೆ ಸ್ಯಾನಿಟರಿ ಪ್ಯಾಡ್. ಪುರುಷ ಶಿಕ್ಷಕರ ತರಗತಿಯಲ್ಲೂ ಅದು ಸಿಗುವ ಹಾಗಿರಬೇಕು. ಕೇಳಿ ಪಡೆಯಬೇಕು ಅಂದರೆ ಅರ್ಧ ಜನ ಕೇಳುವುದೇ ಇಲ್ಲ, ಹೊಟ್ಟೆನೋವು ಅಂತ ಹೇಳಿ ಮನೆಗೆ ಹೋಗುತ್ತಾರೆ. ಒಂದು ಬಣ್ಣದ ಚೀಲದಲ್ಲಿ ಪ್ಯಾಡ್, ಸುತ್ತಿ ಹಾಕಲು ಕಾಗದ, ಒಂದು ಸೋಪಿನ ತುಂಡು ಇಟ್ಟು ಶೌಚಾಲಯದ ಹತ್ತಿರವೋ ನಂಬಿಕೆಯ ಒಬ್ಬ ವಿದ್ಯಾರ್ಥಿನಿಯ ಜವಾಬ್ದಾರಿಯಲ್ಲೋ ಇಡಿ. ಎಲ್ಲಿದೆ ಅನ್ನುವುದನ್ನು ವರ್ಷದ ಮೊದಲ ವಾರವೇ ಎಲ್ಲರಿಗೂ ಸಹಜವಾಗಿ ಹೇಳಿಬಿಡಿ.

ಪ್ರಥಮ ಚಿಕಿತ್ಸೆಗೆ ಹತ್ತಿ, ಗಾಜ್ ಬಟ್ಟೆ, ಬ್ಯಾಂಡೇಜ್, ಅಂಟುಪಟ್ಟಿ, ಕತ್ತರಿ, ಕೈಗವಸು ಸಾಕು. ಮಾತ್ರೆ ಇಡಬೇಡಿ. ಯಾವ ಮಗುವಿಗೆ ಯಾವುದು ಆಗುವುದಿಲ್ಲ ಅಂತ ನಮಗೆ ಗೊತ್ತಿರುವುದಿಲ್ಲ. ಮೂಗಿನಲ್ಲಿ ರಕ್ತ ಬಂದರೆ ತಲೆ ಹಿಂದಕ್ಕೆ ಬಾಗಿಸುವುದು ತಪ್ಪು. ಸ್ವಲ್ಪ ಮುಂದಕ್ಕೆ ಬಗ್ಗಿಸಿ, ಮೂಗಿನ ಮೆತ್ತನೆ ಭಾಗವನ್ನು 10 ನಿಮಿಷ ಒತ್ತಿ ಹಿಡಿಯಬೇಕು. ಸುಟ್ಟರೆ ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ, ಐಸ್ ಬೇಡ, ಪೇಸ್ಟ್ ಬೇಡ. ಉಬ್ಬಸ, ಮೂರ್ಛೆ, ತೀವ್ರ ಅಲರ್ಜಿ ಇರುವ ಮಕ್ಕಳ ಹೆಸರು ಮತ್ತು ಮನೆಯವರ ಫೋನ್ ನಂಬರ್ ಒಂದು ಹಾಳೆಯಲ್ಲಿ ಬರೆದು ಹಾಜರಿ ಪುಸ್ತಕದೊಳಗೆ ಇಡಿ. ಆ ಹಾಳೆ ಬೇರೆ ಮಕ್ಕಳ ಕಣ್ಣಿಗೆ ಬೀಳಬಾರದು.

ಭಾಷಾ ಶಿಕ್ಷಕಿ
ಪ್ಯಾಡ್ ವಿಷಯ ಎತ್ತಿದ್ದಕ್ಕೆ ಧನ್ಯವಾದ ಮೇಡಂ. ಇದನ್ನು ಪಟ್ಟಿಯ ತಲೆಯಲ್ಲಿ ಬರೆಯಬೇಕು.

ನಮ್ಮ ಗಂಟಲನ್ನೂ ಮರೆಯಬೇಡಿ. ದಿನವಿಡೀ ಮಾತಾಡುವ ಕೆಲಸ. ಧ್ವನಿ ತೊಂದರೆ ಹೆಚ್ಚಾಗಿ ಕಾಣುವ ಉದ್ಯೋಗಗಳಲ್ಲಿ ನಮ್ಮದೂ ಒಂದು. ನೀರಿನ ಬಾಟಲಿ ಕಡ್ಡಾಯ. ಗಲಾಟೆ ನಿಲ್ಲಿಸಲು ಕೂಗುವ ಬದಲು ಒಂದು ಚಿಕ್ಕ ಗಂಟೆ ಇಟ್ಟುಕೊಳ್ಳಿ. ತರಗತಿ ತುಂಬಾ ದೊಡ್ಡದಾದರೆ ಸೊಂಟಕ್ಕೆ ಕಟ್ಟುವ ಸಣ್ಣ ಸ್ಪೀಕರ್ ಮತ್ತು ತಲೆಗೆ ಹಾಕುವ ಮೈಕ್ ಒಳ್ಳೆಯ ಖರ್ಚು. ಧ್ವನಿ ಒಡೆದು ಎರಡು ಮೂರು ವಾರ ಆದರೂ ಸರಿಹೋಗದಿದ್ದರೆ ವೈದ್ಯರಿಗೆ ತೋರಿಸಿ, ಮನೆಮದ್ದಿನಲ್ಲಿ ತಳ್ಳಬೇಡಿ.

ಕಚೇರಿ ಕೆಲಸದವರು
ನಾನು ಶಿಕ್ಷಕನಲ್ಲ, ಶಾಲೆಯ ಕಚೇರಿಯಲ್ಲಿ ಇದ್ದೇನೆ. ಸಾಮಾನು ಕೊಡುವ ಕಡೆಯವನಾಗಿ ಒಂದೆರಡು ಮಾತು. ಸ್ಟೇಪ್ಲರ್ ತಗೊಳ್ಳುವಾಗ ಪಿನ್ ನಂಬರ್ ನೋಡಿಕೊಳ್ಳಿ. 24/6 ಅಂದರೆ 24 ತಂತಿಯ ಗೇಜ್ (ದಪ್ಪದ ಅಳತೆ), 6 ಕಾಲಿನ ಉದ್ದ ಮಿಲಿಮೀಟರಿನಲ್ಲಿ. ಉತ್ತರ ಪತ್ರಿಕೆಗೆ ಅದು ಸರಿ. 10 ನಂಬರಿನ ಚಿಕ್ಕ ಪಿನ್ ದಪ್ಪ ಕಟ್ಟಿಗೆ ಬಗ್ಗಿಬಿಡುತ್ತದೆ. ಒಂದರ ಪಿನ್ ಇನ್ನೊಂದಕ್ಕೆ ಕೂರುವುದೂ ಇಲ್ಲ.

ಹಾಳೆ ಎಣಿಸಲು ಕಷ್ಟ ಆದರೆ ತೂಕ ಮಾಡಿ. 80 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 80 ಗ್ರಾಂ ತೂಗುವ ಎ4 ಹಾಳೆ ಒಂದಕ್ಕೆ 5 ಗ್ರಾಂ, ಏಕೆಂದರೆ 16 ಹಾಳೆ ಸೇರಿದರೆ ಒಂದು ಚದರ ಮೀಟರ್. 500ರ ಕಟ್ಟು ಎರಡೂವರೆ ಕಿಲೋ. ಲ್ಯಾಬಿನ ತಕ್ಕಡಿ ಇದ್ದೇ ಇರುತ್ತದಲ್ಲ.

ವೈಟ್‌ನರ್ ಮಾತ್ರ ತರಗತಿಯಲ್ಲಿ ಮಕ್ಕಳ ಕೈಗೆ ಕೊಡಬೇಡಿ. ಅದರ ದ್ರಾವಕವನ್ನು ಮೂಸುವ ಚಟಕ್ಕೆ ಈ ವಯಸ್ಸಿನವರು ಬೀಳುವ ಅಪಾಯ ಇದೆ. ತಪ್ಪಾದರೆ ಒಂದು ಗೆರೆ ಹೊಡೆದು ಮುಂದೆ ಬರೆಯಲಿ.

ಹೊಸ ಟೀಚರ್
ಇನ್ನೊಂದು ಕೇಳಬೇಕಿತ್ತು. ಇದಕ್ಕೆಲ್ಲ ದುಡ್ಡು ಯಾರದು? ಗಾಗಲ್, ಗ್ಲೋಬು ನಾನೇ ತರಬೇಕಾ? ಕೇಳಿದರೆ ಬಂದ ಕೂಡಲೇ ಬೇಡಿಕೆ ಶುರು ಅಂತ ಅಂದುಕೊಳ್ಳುತ್ತಾರೇನೋ.

ಲ್ಯಾಬ್ ಮೇಡಂ
ತರಬೇಡಿ. ಸುರಕ್ಷತೆಗೆ ಸಂಬಂಧಿಸಿದ ಯಾವುದನ್ನೂ ನಿಮ್ಮ ಜೇಬಿನಿಂದ ತರಬೇಡಿ. ನೀವು ತಂದ ದಿನವೇ ಅದು ನಿಮ್ಮ ಜವಾಬ್ದಾರಿ ಅಂತ ಆಗಿಬಿಡುತ್ತದೆ. ನಿಮ್ಮ ನಂತರ ಬರುವವರಿಗೂ ಅದೇ ಪಾಡು. ಬರೆದು ಕೇಳಿ. ಬರೀ "ಗಾಗಲ್ ಬೇಕು" ಅನ್ನಬೇಡಿ. ಯಾವ ಪಾಠದ ಯಾವ ಪ್ರಯೋಗ, ಎಷ್ಟು ಮಕ್ಕಳು, ಯಾವ ತಿಂಗಳು ಬೇಕು, ಈಗ ಎಷ್ಟಿವೆ ಅಂತ ಬರೆಯಿರಿ. ಒಂದು ಪ್ರತಿ ನಿಮ್ಮ ಹತ್ತಿರ ಇರಲಿ.

ಕಚೇರಿ ಕೆಲಸದವರು
ಹಾಗೆ ಬರೆದು ಬಂದ ಅರ್ಜಿಯನ್ನು ಮುಂದೆ ಕಳಿಸುವುದು ನಮಗೂ ಸುಲಭ. "ಲ್ಯಾಬ್ ಸಾಮಾನು ಒದಗಿಸಿ" ಅಂತ ಒಂದೇ ಸಾಲು ಬಂದರೆ ಏನು ಮಾಡಬೇಕು ಅಂತಲೇ ತಿಳಿಯುವುದಿಲ್ಲ. ವರ್ಷದ ಬಜೆಟ್ ಮಾಡುವ ಮೊದಲೇ ಕೊಡಿ.

ಕಂಪ್ಯೂಟರ್ ಸರ್
ಪ್ರೊಜೆಕ್ಟರ್ ಇರುವ ಶಾಲೆಯಾದರೆ ಚೀಲದಲ್ಲಿ ಎಚ್‌ಡಿಎಂಐ ಕೇಬಲ್, ಹಳೆಯ ಪ್ರೊಜೆಕ್ಟರಿಗೆ ವಿಜಿಎ ಅಡಾಪ್ಟರ್ ಇರಲಿ. ಪಾಠದ ಪ್ರತಿ ಪೆನ್‌ಡ್ರೈವ್‌ನಲ್ಲಿ ಪಿಡಿಎಫ್ ಆಗಿರಲಿ. ಬೇರೆ ಕಂಪ್ಯೂಟರಿನಲ್ಲಿ ಕನ್ನಡ ಫಾಂಟ್ ಇಲ್ಲದೆ ಅಕ್ಷರ ಚೆಲ್ಲಾಪಿಲ್ಲಿ ಆಗುವುದು ತಪ್ಪುತ್ತದೆ. ಕರೆಂಟ್ ಹೋದರೂ ನಡೆಯುವ ಪಾಠ ಒಂದು ಯಾವಾಗಲೂ ತಯಾರಿರಲಿ.

ಹೊಸ ಟೀಚರ್
ಎಲ್ಲರಿಗೂ ಧನ್ಯವಾದ. ಪ್ಲಾಸ್ಟಿಕ್ ಕವರ್, ಮಾರ್ಕರ್, ಒರೆಸುವ ಬಟ್ಟೆ, ಪೆನ್ ಡಬ್ಬ, ಪ್ಯಾಡ್ ಚೀಲ, ಚಿಕ್ಕ ಗಂಟೆ, ನೀರಿನ ಬಾಟಲಿ, ಲೇಬಲ್. ಇಷ್ಟು ನಾನು ತಗೊಳ್ಳುತ್ತೇನೆ. ಗಾಗಲ್, ಥರ್ಮಾಮೀಟರ್, ಒಡೆದ ಗಾಜಿನ ಡಬ್ಬ, ಪ್ರಥಮ ಚಿಕಿತ್ಸೆ ಪೆಟ್ಟಿಗೆಗೆ ಬರೆದು ಕೊಡುತ್ತೇನೆ. ಚಾರ್ಟ್ ಸದ್ಯಕ್ಕೆ ಬೇಡ, ಇರುವುದನ್ನೇ ತಿದ್ದಿಸುತ್ತೇನೆ. ಗಣಿತ ಮೇಷ್ಟ್ರೇ, ತರಗತಿಯಲ್ಲಿ 50 ಮಕ್ಕಳಿದ್ದರೆ 50 ಕವರ್ ಹೊತ್ತು ಓಡಾಡುವುದು ಹೇಗೆ? ಹಂಚಿ ವಾಪಸ್ ತಗೊಳ್ಳುವುದರಲ್ಲೇ ಸಮಯ ಹೋಗುವುದಿಲ್ಲವಾ?

ಗಣಿತ ಮೇಷ್ಟ್ರು
ಹೊರಬೇಡಿ. ಕವರ್ ಮಕ್ಕಳ ನೋಟ್‌ಬುಕ್‌ನ ಕೊನೆಯ ರಟ್ಟಿಗೆ ಅಂಟಿಸಿಬಿಡಿ, ಅವರೇ ತರುತ್ತಾರೆ. ನಿಮ್ಮ ಚೀಲದಲ್ಲಿ ಮಾರ್ಕರ್ ಮಾತ್ರ. ಬೆಂಚಿಗೆ ಒಂದು ಡಬ್ಬದಂತೆ ಕೊಡಿ, ಅಂಚಿನಲ್ಲಿ ಕೂತವರು ಎಣಿಸಿ ವಾಪಸ್ ಕೊಡಲಿ. ಡಬ್ಬದ ಮೇಲೆ ಒಳಗೆ ಎಷ್ಟಿವೆ ಅಂತ ಬರೆದಿರಲಿ. ಮುಚ್ಚಳ ಹಾಕದ ಮಾರ್ಕರ್ ಬೇಗ ಒಣಗಿಹೋಗುತ್ತದೆ, ಅದಕ್ಕೆ ಎಣಿಸುವಾಗ ಮುಚ್ಚಳವನ್ನೂ ಎಣಿಸಿ ಅಂತ ಮೊದಲೇ ಹೇಳಿ. ಮೊದಲ ಕೆಲವು ದಿನ ನಿಧಾನ ಆಗುತ್ತದೆ. ಅಭ್ಯಾಸ ಆದ ಮೇಲೆ ನೀವು ಹಾಜರಿ ಕರೆಯುವಷ್ಟರಲ್ಲಿ ಹಂಚಿ ಮುಗಿದಿರುತ್ತದೆ. 50 ಒಮ್ಮೆಗೇ ಕಷ್ಟ ಅನ್ನಿಸಿದರೆ ಇಬ್ಬರಿಗೆ ಒಂದರಂತೆ ಶುರು ಮಾಡಿ. ಒಬ್ಬರು ಬರೆಯಲಿ, ಇನ್ನೊಬ್ಬರು ಯಾಕೆ ಅಂತ ಹೇಳಲಿ, ಮುಂದಿನ ಲೆಕ್ಕಕ್ಕೆ ಅದಲುಬದಲು.